ಮೊದಲು ಎಲೆ ಮಗುಚಿ ನೋಡ್ರಪ್ಪಾ!

ನಮ್ಮ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗ್ರೂಪಲ್ಲಿ ಮೊನ್ನೆ ಒಬ್ಬರು ತಮ್ಮ ಬಾಲ್ಕನಿಯ ಮೆಣಸಿನಕಾಯಿ ಗಿಡದ ಫೋಟೋ ಹಾಕಿದ್ರು. ಎಲೆಯೆಲ್ಲ ಮುದುಡಿತ್ತು. ಹತ್ತೇ ನಿಮಿಷದಲ್ಲಿ ಸಾಲು ಸಾಲು ಔಷಧಿ: ಬೇವಿನೆಣ್ಣೆ ಹೊಡೀರಿ, ಹುಳಿ ಮಜ್ಜಿಗೆ ಚಿಮುಕಿಸಿ, ಶಾಂಪೂ ನೀರು ಹಾಕಿ, ನರ್ಸರಿಯಲ್ಲಿ ಒಂದು ಪೌಡರ್ ಕೊಡ್ತಾರೆ ತನ್ನಿ. "ಎಲೆ ಮೇಲಕ್ಕೆ ಮುದುಡಿದೆಯಾ, ಕೆಳಕ್ಕಾ?" ಅಂತ ಮಾತ್ರ ಒಬ್ಬರೂ ಕೇಳಲಿಲ್ಲ.

ಕೇಳಬೇಕಿದ್ದದ್ದೇ ಅದನ್ನ. ಅಂಚು ಮೇಲಕ್ಕೆ ದೋಣಿಯ ಹಾಗೆ ಮಡಚಿಕೊಂಡಿದ್ರೆ ಸಾಮಾನ್ಯವಾಗಿ ಥ್ರಿಪ್ಸ್ ಕೆಲಸ. ದೋಣಿ ಬೋರಲು ಹಾಕಿದಂತೆ ಕೆಳಕ್ಕೆ ಬಾಗಿದ್ರೆ ಮೈಟ್ ನುಸಿ. ಥ್ರಿಪ್ಸ್ ಆರು ಕಾಲಿನ ಕೀಟ. ಮೈಟ್ ಎಂಟು ಕಾಲಿನ, ಜೇಡನ ಬಳಗದ ಜೀವಿ. ಒಂದಕ್ಕೆ ತಂದ ವಿಷ ಇನ್ನೊಂದಕ್ಕೆ ಎಷ್ಟೋ ಸಲ ತಾಗೋದೇ ಇಲ್ಲ. ಬದಲಿಗೆ ಮೈಟನ್ನು ತಿನ್ನುವ ಜೀವಿಗಳು ಸತ್ತು, ಮೈಟ್ ಇನ್ನಷ್ಟು ಹೆಚ್ಚುತ್ತೆ. ಇನ್ನು ಬಿಳಿನೊಣ ಹರಡುವ ವೈರಸ್ಸಿನಿಂದ ಎಲೆ ಮುರುಟಿದ್ರೆ ಯಾವ ಔಷಧಿಯೂ ವಾಸಿ ಮಾಡಲ್ಲ, ಗಿಡ ಕಿತ್ತು ಹಾಕಬೇಕು ಅಷ್ಟೆ.

"ಇಷ್ಟೆಲ್ಲ ನೋಡೋಕೆ ಟೈಮೆಲ್ಲಿದೆ ಗುರೂ?" ಅಂತೀರಿ. ಲಾಗ್ ನೋಡದೆ ಸರ್ವರ್ ರೀಸ್ಟಾರ್ಟ್ ಮಾಡೋ ಜೂನಿಯರ್‌ಗೆ ಆಫೀಸಲ್ಲಿ ಬೈಯೋರೂ ನೀವೇ. ಇಲ್ಲಿ ಬೇಕಿರೋದು ಒಂದು ಬಿಳಿ ಹಾಳೆ. ರೆಂಬೆಯ ಕೆಳಗೆ ಹಿಡಿದು ಎಲೆ ತಟ್ಟಿ. ಬಿದ್ದ ಚುಕ್ಕೆ ಹರಿದಾಡಿದ್ರೆ ಅದಕ್ಕೆ ಜೀವ ಇದೆ. ಉದ್ದಗೆ ಕಡ್ಡಿಯಂತಿದ್ರೆ ಥ್ರಿಪ್ಸ್. ಆಮೇಲೆ ಎಲೆ ಮಗುಚಿ ಫೋನ್ ಕ್ಯಾಮೆರಾದಲ್ಲಿ ಝೂಮ್ ಮಾಡಿ. ಎರಡು ನಿಮಿಷದ ಕೆಲಸ.

ನಾನೂ ನೋಡದೆ ಕೆಟ್ಟವನೇ. ದಾಸವಾಳಕ್ಕೆ ಹಿಟ್ಟುತಿಗಣೆ ಬಂದಾಗ, ಬೆಳ್ಳಗೆ ಮೇಣ ಹೊದ್ದು ಓಡಾಡ್ತಿದ್ದ ದಪ್ಪ ಹುಳಗಳನ್ನ ಹುಡುಕಿ ಹುಡುಕಿ ಹೊಸಕಿದೆ. ಅವು ಹಿಟ್ಟುತಿಗಣೆಯನ್ನೇ ತಿನ್ನುವ ಕ್ರಿಪ್ಟೊಲೀಮಸ್ ಅನ್ನೋ ಗುಲಗಂಜಿ ಹುಳದ ಮರಿಗಳು ಅಂತ ಗೊತ್ತಾಗಿದ್ದು ಆಮೇಲೆ. ತಿಗಣೆ ಗುಂಪಾಗಿ ಅಂಟಿಕೊಂಡು ಕೂರುತ್ತೆ, ಮರಿ ಚುರುಕಾಗಿ ಓಡಾಡುತ್ತೆ. ಕೈ ಹಾಕೋ ಮೊದಲು ಒಂದು ನಿಮಿಷ ಸುಮ್ಮನೆ ನಿಂತು ನೋಡಿದ್ರೆ ಸಾಕಿತ್ತು.

ಗುರುತು ಹಿಡಿಯೋದರ ಬೆಲೆ ಎಷ್ಟು ಅಂತ ಪಪ್ಪಾಯ ಬೆಳೆಗಾರರನ್ನ ಕೇಳಿ. 2008ರ ಹೊತ್ತಿಗೆ ದಕ್ಷಿಣ ಭಾರತದ ತೋಟಗಳಿಗೆ ಹೊಸದೊಂದು ಹಿಟ್ಟುತಿಗಣೆ ನುಗ್ಗಿತು. ಅದು ಮೆಕ್ಸಿಕೊ ಕಡೆಯ ಪಪ್ಪಾಯ ಹಿಟ್ಟುತಿಗಣೆ ಅಂತ ಗುರುತಾದ ಮೇಲೆ, 2010ರಲ್ಲಿ ನಮ್ಮ ಹೆಬ್ಬಾಳದ ಕೀಟ ಸಂಶೋಧನಾ ಸಂಸ್ಥೆ ಅದನ್ನು ಕೊಲ್ಲುವ ಪುಟ್ಟ ಕಣಜಗಳನ್ನ ಪೋರ್ಟೊ ರಿಕೊದಿಂದ ತರಿಸಿ ಬಿಟ್ಟಿತು. ವಿಷಕ್ಕೆ ಬಗ್ಗದ ತಿಗಣೆ ಕಣಜಕ್ಕೆ ಬಗ್ಗಿತು.

ನಾವಿನ್ನೂ ಕರಿಬೇವಿನ ಮೇಲೆ ಹಕ್ಕಿ ಹಿಕ್ಕೆಯಂತೆ ಕೂತಿರೋ ಚಿಟ್ಟೆಮರಿ ಕಂಡ ಕೂಡ್ಲೇ ಸ್ಪ್ರೇ ಬಾಟಲಿಗೆ ಕೈ ಹಾಕ್ತೀವಿ. ಕೆಲವು ಕೀಟನಾಶಕ ಗಿಡದೊಳಗೇ ಹರಿದಾಡುತ್ತೆ, ತೊಳೆದ್ರೆ ಹೋಗಲ್ಲ. ನಾಳೆ ಅದೇ ಎಲೆ ಸಾರಿನ ಒಗ್ಗರಣೆಗೆ, ಆ ಸಾರು ಮಕ್ಕಳ ತಟ್ಟೆಗೆ. ಎರಡು ಹುಳ ಕೈಯಲ್ಲಿ ಎತ್ತಿ ಹಾಕೋಕೆ ಸೋಮಾರಿತನ ಮಾಡಿ ಮನೆಯವರಿಗೇ ವಿಷ ಬಡಿಸೋದಾದ್ರೆ, ಮನೇಲಿ ಬೆಳೆಯೋ ತರಕಾರಿಗೂ ಮಾರ್ಕೆಟ್ಟಿನದಕ್ಕೂ ಏನ್ರೀ ವ್ಯತ್ಯಾಸ?