ಪ್ರತ್ಯೇಕವಾಸ: ಕೋಣೆಗಿಂತ ಆಸರೆ ದೊಡ್ಡದು

ನಮ್ಮ ಊರುಕೇರಿಗಳಲ್ಲಿ ಮಗುವಿನ ಮೈಮೇಲೆ ನೀರುಗುಳ್ಳೆ ಎದ್ದರೆ ‘ಅಮ್ಮ ಬಂದಿದ್ದಾಳೆ’ ಎನ್ನುವುದುಂಟು. ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸುತ್ತಾರೆ. ಅದನ್ನು ಕಂಡ ನೆಂಟರು ಹೊಸ್ತಿಲು ದಾಟುವುದಿಲ್ಲ. ಮನೆಯವರೂ ಮದುವೆ, ಜಾತ್ರೆ ಎಂದು ಹೊರಡುವುದಿಲ್ಲ. ಅಡುಗೆಮನೆಯಲ್ಲಿ ಒಗ್ಗರಣೆಯ ಘಾಟು ಏಳುವುದಿಲ್ಲ. ಗುಳ್ಳೆ ಒಣಗಿ, ಬೇವಿನೆಲೆ ಹಾಕಿದ ನೀರಿನಲ್ಲಿ ಮಗುವನ್ನು ಮೀಯಿಸುವ ದಿನದವರೆಗೂ ಮನೆ ಹೀಗೆಯೇ ಇರುತ್ತದೆ. ಸೀತಾಳೆ ಸಿಡುಬು ವೈರಾಣುವಿನಿಂದ ಬರುವ ರೋಗ; ಬೇವಿನ ಸೊಪ್ಪು ಅದನ್ನು ತಡೆಯಲಾರದು. ದೇವಿ ಮುನಿದಾಳೆಂದು ವೈದ್ಯರ ಬಳಿಗೆ ಹೋಗದೆ ಕಷ್ಟಕ್ಕೆ ಸಿಕ್ಕಿದವರೂ ಇದ್ದಾರೆ. ಆದರೂ ಆ ಸೊಪ್ಪು ಒಂದು ದೊಡ್ಡ ಕೆಲಸ ಮಾಡುತ್ತಿತ್ತು. ರೋಗಿಗೆ ಎಳ್ಳಷ್ಟೂ ಅವಮಾನವಾಗದಂತೆ ಇಡೀ ಕೇರಿಗೆ ಎಚ್ಚರಿಕೆ ಕೊಡುತ್ತಿತ್ತು.

2020ರ ಜುಲೈನಲ್ಲಿ ಬೆಂಗಳೂರು ಬೇರೆಯದೇ ಬಾಗಿಲನ್ನು ಕಂಡಿತು. ಕೋವಿಡ್ ಪ್ರಕರಣ ಪತ್ತೆಯಾದ ಅಪಾರ್ಟ್‌ಮೆಂಟೊಂದರಲ್ಲಿ ಎರಡು ಮನೆಗಳ ಬಾಗಿಲಿಗೆ ಪಾಲಿಕೆ ಸಿಬ್ಬಂದಿ ತಗಡಿನ ಶೀಟು ಬಡಿದರು. ಒಳಗೆ ಪುಟ್ಟ ಮಕ್ಕಳಿದ್ದರು, ವೃದ್ಧರಿದ್ದರು. ಚಿತ್ರಗಳು ಹರಿದಾಡಿ ಜನ ಸಿಟ್ಟಿಗೆದ್ದ ಮೇಲೆ ತಗಡು ತೆಗೆಸಿದ ಆಯುಕ್ತರು ಬಹಿರಂಗವಾಗಿ ಕ್ಷಮೆ ಕೇಳಿದರು.

ಈ ಎರಡು ಬಾಗಿಲುಗಳ ನಡುವಿನ ಅಂತರವೇ ಇಲ್ಲಿ ನನ್ನ ಚಿಂತೆಗೆ ಕಾರಣ. ಅಂಟುರೋಗ ಬಂದವರು ಕೆಲವು ದಿನ ಬೇರೆಯಾಗಿರಬೇಕು ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಆ ಹೊಣೆಯನ್ನು ನಾವು ಪೂರ್ತಿಯಾಗಿ ರೋಗಿಯ ತಲೆಗೆ ಕಟ್ಟಿ ಕೈತೊಳೆದುಕೊಂಡಿದ್ದೇವೆ. ‘ಗಾಳಿ ಬೆಳಕಿರುವ ಪ್ರತ್ಯೇಕ ಕೋಣೆಯಲ್ಲಿರಿ, ಬೇರೆ ಶೌಚಾಲಯ ಬಳಸಿ, ವಿಶ್ರಾಂತಿ ಪಡೆಯಿರಿ’ ಎಂಬ ಸಲಹೆ ಚೀಟಿಯಲ್ಲಿ ಸಲೀಸಾಗಿ ಬರುತ್ತದೆ. 2011ರ ಜನಗಣತಿಯ ಪ್ರಕಾರ ದೇಶದ ಶೇ 37ರಷ್ಟು ಕುಟುಂಬಗಳಿಗೆ ಇರುವುದೇ ಒಂದು ಕೋಣೆ. ವಠಾರದ ಸಾಲುಮನೆಗೆ, ಕಟ್ಟಡ ಕಾರ್ಮಿಕರ ಶೀಟುಮನೆಗೆ ಈ ಚೀಟಿ ಏನು ಹೇಳುತ್ತದೆ?

ಇದಕ್ಕೆ ಉತ್ತರವನ್ನು ನಮ್ಮ ಪಕ್ಕದ ಮದ್ರಾಸು ಸುಮಾರು ಏಳು ದಶಕಗಳ ಹಿಂದೆಯೇ ಹುಡುಕಿತ್ತು. ಆಗ ಕ್ಷಯ ಬಂದವರನ್ನು ಮನೆಯಿಂದ ದೂರದ ಸ್ಯಾನಟೋರಿಯಂಗೆ ಕಳಿಸುವುದೇ ಸರಿಯಾದ ಚಿಕಿತ್ಸೆ ಎಂಬ ನಂಬಿಕೆ ಜಗತ್ತಿನಾದ್ಯಂತ ಇತ್ತು. ಅಷ್ಟೂ ರೋಗಿಗಳಿಗೆ ಸಾಲುವಷ್ಟು ಹಾಸಿಗೆಗಳು ಭಾರತದಲ್ಲಿ ಇರಲಿಲ್ಲ. 1956ರಲ್ಲಿ ಆರಂಭವಾದ ಮದ್ರಾಸಿನ ಕ್ಷಯ ಚಿಕಿತ್ಸಾ ಕೇಂದ್ರವು ನಗರದ ಬಡ ಕುಟುಂಬಗಳ 193 ರೋಗಿಗಳನ್ನು ಎರಡು ಗುಂಪು ಮಾಡಿತು. ಒಂದು ಗುಂಪು ಒಂದು ವರ್ಷ ಸ್ಯಾನಟೋರಿಯಂನಲ್ಲಿ ಒಳ್ಳೆಯ ಊಟ, ವಿಶ್ರಾಂತಿ, ಶುಶ್ರೂಷೆಯೊಂದಿಗೆ ಔಷಧ ಪಡೆಯಿತು. ಇನ್ನೊಂದು ಗುಂಪು ಅದೇ ಔಷಧವನ್ನು ಕಿಕ್ಕಿರಿದ ತಮ್ಮ ಮನೆಗಳಲ್ಲೇ ತೆಗೆದುಕೊಂಡಿತು. 1959ರಲ್ಲಿ ಪ್ರಕಟವಾದ ಫಲಿತಾಂಶ ವೈದ್ಯಲೋಕವನ್ನೇ ಬೆರಗುಗೊಳಿಸಿತು. ಮನೆಯಲ್ಲಿದ್ದವರೂ ಹೆಚ್ಚುಕಡಿಮೆ ಸ್ಯಾನಟೋರಿಯಂನವರಷ್ಟೇ ಚೆನ್ನಾಗಿ ಗುಣವಾಗಿದ್ದರು. ಅದಕ್ಕಿಂತ ಮುಖ್ಯವಾಗಿ, ಅವರ ಮನೆಮಂದಿಗೆ ರೋಗ ಹೆಚ್ಚಾಗಿ ತಗುಲಿರಲಿಲ್ಲ. ಮುಂದಿನ ವರ್ಷಗಳಲ್ಲಿ ಕುಟುಂಬಗಳ ಮೇಲೆ ನಿಗಾ ಇಟ್ಟಾಗಲೂ ಇದೇ ನಿಜವಾಯಿತು. ಕಾರಣ ಸರಳ: ಕ್ಷಯ ಮನೆಯವರಿಗೆ ಅಂಟುವುದು ಬಹುಪಾಲು ರೋಗ ಪತ್ತೆಯಾಗುವುದಕ್ಕೆ ಮುಂಚೆ. ಸರಿಯಾದ ಔಷಧ ಶುರುವಾದ ಮೇಲೆ ಅಂಟಿಸುವ ಶಕ್ತಿ ಬೇಗನೆ ಕುಗ್ಗುತ್ತದೆ. ಸ್ಯಾನಟೋರಿಯಂಗಳ ಯುಗ ಮುಗಿಯಲು ಈ ಅಧ್ಯಯನವೂ ಒಂದು ಮುಖ್ಯ ಕಾರಣವಾಯಿತು.

ಎಲ್ಲ ರೋಗಗಳೂ ಕ್ಷಯದಂತಲ್ಲ. ಆದರೆ ಮದ್ರಾಸು ಕಲಿಸಿದ ಪಾಠ ಎಲ್ಲಕ್ಕೂ ಸಲ್ಲುತ್ತದೆ. ಮನೆ ಚಿಕ್ಕದಾದರೂ ರೋಗ ಹೇಗೆ ಹರಡುತ್ತದೆ, ಎಷ್ಟು ದಿನ ಹರಡುತ್ತದೆ ಎಂಬುದು ಗೊತ್ತಿದ್ದರೆ ಪ್ರತ್ಯೇಕವಾಸ ಸಾಧ್ಯ. ಕ್ಷಯ, ದಡಾರ, ಸೀತಾಳೆ ಸಿಡುಬು, ಕೋವಿಡ್ ಇವೆಲ್ಲ ಗಾಳಿಯಲ್ಲಿ ಸಾಗುತ್ತವೆ. ದಡಾರದ ರೋಗಿ ಎದ್ದುಹೋದ ಕೋಣೆಯ ಗಾಳಿಯಲ್ಲಿ ವೈರಾಣು ಎರಡು ಗಂಟೆಯವರೆಗೂ ಇರಬಲ್ಲದು. ಹಾಗಾಗಿ ನೆಲ ಒರೆಸುವುದಕ್ಕಿಂತ ಮೊದಲು ಕಿಟಕಿ ತೆರೆಯಬೇಕು. ಪೆರುವಿನ ಲಿಮಾ ನಗರದ ಆಸ್ಪತ್ರೆಗಳಲ್ಲಿ ನಡೆದು 2007ರಲ್ಲಿ ಪ್ರಕಟವಾದ ಅಧ್ಯಯನವೊಂದು ಇದನ್ನು ಅಳೆದು ತೋರಿಸಿತು. ಯಂತ್ರದಿಂದ ಗಾಳಿ ಎಳೆಯುವ ಕೋಣೆಗಳಲ್ಲಿ ಗಂಟೆಗೆ 12 ಸಲ ಗಾಳಿ ಬದಲಾದರೆ, ಕಿಟಕಿ ಬಾಗಿಲು ತೆರೆದಿಟ್ಟ ಕೋಣೆಗಳಲ್ಲಿ ಅದು 28ರ ಆಸುಪಾಸಿನಲ್ಲಿತ್ತು. ಎತ್ತರದ ಮಾಡು, ದೊಡ್ಡ ಕಿಟಕಿಗಳ ಹಳೆಯ ಕಟ್ಟಡಗಳೇ ಹೊಸವಕ್ಕಿಂತ ಸುರಕ್ಷಿತವಾಗಿದ್ದವು. ನಮ್ಮ ಜಗುಲಿ, ಪಡಸಾಲೆ, ಮಹಡಿಯ ತೆರೆದ ಭಾಗಗಳ ಬೆಲೆ ಇಲ್ಲಿದೆ. ಒಂದೇ ಕೋಣೆಯ ಮನೆಯಲ್ಲಿ ರೋಗಿಯ ಹಾಸಿಗೆಯನ್ನು ಕಿಟಕಿಯ ಬದಿಗೆ ಸರಿಸುವುದು, ರೋಗಿ ಮತ್ತು ಆರೈಕೆ ಮಾಡುವವರು ಇಬ್ಬರೂ ಮಾಸ್ಕ್ ಹಾಕುವುದು, ಉಳಿದವರು ಜಗುಲಿಯಲ್ಲೋ ನೆರೆಮನೆಯಲ್ಲೋ ಮಲಗುವುದು, ಇಷ್ಟರಿಂದಲೇ ಅಪಾಯ ಬಹಳ ಇಳಿಯುತ್ತದೆ.

ಎರಡನೆಯದು ಕಾಲ. ಜನ ಬೇಸತ್ತು ಹೊರಬರುವುದು ಕೊನೆಯ ದಿನ ಯಾವುದೆಂದು ಗೊತ್ತಿಲ್ಲದಾಗ. ಸೀತಾಳೆ ಸಿಡುಬು ಗುಳ್ಳೆ ಏಳುವ ಒಂದೆರಡು ದಿನ ಮುಂಚಿನಿಂದ ಎಲ್ಲ ಗುಳ್ಳೆಗಳೂ ಹಕ್ಕಳೆಗಟ್ಟುವವರೆಗೆ ಅಂಟುತ್ತದೆ. ದಡಾರದಲ್ಲಿ ದದ್ದು ಕಂಡ ನಂತರ ನಾಲ್ಕು ದಿನ, ಮಂಗನಬಾವಿನಲ್ಲಿ ಊತ ಕಂಡ ನಂತರ ಐದು ದಿನ ದೂರವಿರಬೇಕು. ಫ್ಲೂ ಜ್ವರ ಬಂದವರು, ಜ್ವರದ ಮಾತ್ರೆ ಇಲ್ಲದೆಯೇ 24 ಗಂಟೆ ಜ್ವರ ಬಾರದಿರುವ ತನಕ ಮನೆಯಲ್ಲಿರುವುದು ಒಳಿತು. ಇಂಥ ಎಣಿಕೆಯನ್ನು ವೈದ್ಯರು ಚೀಟಿಯ ಮೇಲೆ ದಿನಾಂಕ ಸಮೇತ ಬರೆದುಕೊಡಬೇಕು. ‘ಹುಷಾರಾಗುವವರೆಗೂ ಇರಿ’ ಎಂದರೆ ಯಾರಿಗೂ ಅರ್ಥವಾಗುವುದಿಲ್ಲ.

ಗಾಳಿ ಮತ್ತು ಕಾಲದ ಲೆಕ್ಕ ಸರಿಯಾದರೂ ಪ್ರತ್ಯೇಕವಾಸ ಮುರಿದುಬೀಳುವುದು ಕೂಲಿಯ ಲೆಕ್ಕದಲ್ಲಿ. ಕಾರ್ಖಾನೆಯ ಕಾರ್ಮಿಕನಿಗೆ ಇಎಸ್‌ಐ ಯೋಜನೆಯಲ್ಲಿ ಕಾಯಿಲೆಯ ಕಾಲಕ್ಕೆ ವರ್ಷದಲ್ಲಿ 91 ದಿನಗಳವರೆಗೆ ಕೂಲಿಯ ಶೇ 70ರಷ್ಟು ಸಿಗುತ್ತದೆ. ಕ್ಷಯದಂಥ ದೀರ್ಘ ಕಾಯಿಲೆಗಳಿಗೆ ಇನ್ನೂ ಹೆಚ್ಚಿನ ನೆರವಿದೆ. ಆದರೆ ಮನೆಗೆಲಸದಾಕೆಗೆ, ಗಾರೆಯವನಿಗೆ, ತರಕಾರಿ ಗಾಡಿಯವನಿಗೆ, ಊಟ ತಲುಪಿಸುವ ಹುಡುಗನಿಗೆ ಅದು ಇಲ್ಲ. ಐದು ದಿನ ಮನೆಯಲ್ಲಿ ಕುಳಿತರೆ ಆರನೆಯ ದಿನ ಸಾಲ ಮಾಡಬೇಕು. ಜ್ವರದ ಮಾತ್ರೆ ನುಂಗಿ ಕೆಲಸಕ್ಕೆ ಹೊರಟವಳನ್ನು ಬೇಜವಾಬ್ದಾರಿ ಎಂದು ಬೈಯುವ ನೈತಿಕ ಹಕ್ಕು, ಅವಳ ರಜೆಯ ದಿನಕ್ಕೆ ಸಂಬಳ ಮುರಿಯುವ ನಮಗಿಲ್ಲ. ಅವಳು ಒರೆಸುವುದು ನಮ್ಮದೇ ಮನೆಯ ನೆಲ, ಎತ್ತಿಕೊಳ್ಳುವುದು ನಮ್ಮದೇ ಮಗು.

ಕೂಲಿಯಂತೆ ಊಟವೂ ರೋಗ ತಡೆಯುವ ಸಾಧನ. ಮಂಗಳೂರಿನ ಯೇನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ ಮತ್ತು ಡಾ. ಮಾಧವಿ ಭಾರ್ಗವ ಅವರ ತಂಡ ಜಾರ್ಖಂಡ್‌ನಲ್ಲಿ ನಡೆಸಿದ ಅಧ್ಯಯನ 2023ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಕ್ಷಯರೋಗಿಯ ಮನೆಮಂದಿಗೆ ಅಕ್ಕಿ, ಬೇಳೆ, ಪೋಷಕಾಂಶದ ಮಾತ್ರೆ ಕೊಟ್ಟಾಗ ಅವರಲ್ಲಿ ಹೊಸದಾಗಿ ಕ್ಷಯ ಬರುವುದು ಶೇ 39ರಷ್ಟು ಕಡಿಮೆಯಾಯಿತು. ಅಂಟುವ ಬಗೆಯ ಶ್ವಾಸಕೋಶದ ಕ್ಷಯ ಶೇ 48ರಷ್ಟು ಇಳಿಯಿತು. ಬೇಳೆಯ ಚೀಲವೇ ರೋಗಕ್ಕೆ ತಡೆಗೋಡೆಯಾಯಿತು. ನಿಕ್ಷಯ್ ಪೋಷಣ್ ಯೋಜನೆಯಲ್ಲಿ ರೋಗಿಗೆ ಕೊಡುತ್ತಿದ್ದ ತಿಂಗಳ ₹500ನ್ನು 2024ರ ನವೆಂಬರ್‌ನಿಂದ ₹1,000ಕ್ಕೆ ಏರಿಸಿರುವುದು ಒಳ್ಳೆಯ ಹೆಜ್ಜೆ. ಆದರೆ ಮನೆಯ ಉಳಿದವರ ಪಡಿತರ ದಾನಿಗಳ ಔದಾರ್ಯಕ್ಕೆ ಬಿಟ್ಟ ಮಾತಾಗಬಾರದು. ಅದು ಚಿಕಿತ್ಸೆಯ ಭಾಗವಾಗಬೇಕು.

ಮನೆಯ ಆರೈಕೆಯಲ್ಲಿ ನಾವು ಮರೆಯುವ ಇನ್ನೊಬ್ಬ ವ್ಯಕ್ತಿಯಿದ್ದಾಳೆ. ಗಂಜಿ ಕಾಯಿಸಿ, ಬಟ್ಟೆ ಒಗೆದು, ರಾತ್ರಿಯೆಲ್ಲ ಹಣೆ ಮುಟ್ಟಿ ನೋಡುವ ತಾಯಿಯೋ ಹೆಂಡತಿಯೋ ಮಗಳೋ ಅವಳು. ಅವಳಿಗೆ ಮಾಸ್ಕ್ ಇಲ್ಲ, ನಿದ್ದೆಯಿಲ್ಲ, ಮಲಗಿದರೆ ನೋಡುವವರಿಲ್ಲ. ಆರೈಕೆಗೆ ಒಬ್ಬರೇ ನಿಲ್ಲುವುದು ಒಳ್ಳೆಯದು, ಆದರೆ ಅವರು ಗರ್ಭಿಣಿಯೋ ವಯಸ್ಸಾದವರೋ ಆಗಿರಬಾರದು. ಸೀತಾಳೆ ಸಿಡುಬು ಗರ್ಭಿಣಿಗೂ ನವಜಾತ ಶಿಶುವಿಗೂ ಅಪಾಯಕಾರಿ. ಆ ರೋಗ ಬಂದ ಮಕ್ಕಳಿಗೆ ಜ್ವರವೆಂದು ಆಸ್ಪಿರಿನ್ ಕೊಡಲೇಬಾರದು. ಮನೆಯಲ್ಲೇ ಇರುವುದೆಂದರೆ ಏನೇ ಆದರೂ ಮನೆಯಲ್ಲೇ ಇರುವುದೆಂದು ಅರ್ಥವಲ್ಲ. ಉಸಿರು ಎಳೆಯುವಂತಾದರೆ, ಆಮ್ಲಜನಕದ ಮಟ್ಟ 94ಕ್ಕಿಂತ ಕೆಳಗಿಳಿದರೆ, ಮಂಪರು ಕವಿದರೆ, ಮಗು ನೀರು ಕುಡಿಯಲು ಒಲ್ಲದಿದ್ದರೆ ಒಂದು ಗಂಟೆಯನ್ನೂ ಕಳೆಯದೆ ಆಸ್ಪತ್ರೆಗೆ ಹೋಗಬೇಕು. 2021ರ ಕೋವಿಡ್ ಎರಡನೇ ಅಲೆಯಲ್ಲಿ ಮನೆಯಲ್ಲೇ ತಡಮಾಡಿ ನಾವು ಕಳೆದುಕೊಂಡವರು ಬಹಳ ಮಂದಿ. ದಿನಕ್ಕೊಮ್ಮೆ ಒಬ್ಬರು ಫೋನ್ ಮಾಡಿ ವಿಚಾರಿಸುವ ಏರ್ಪಾಡು ಆಗ ಎಲ್ಲೆಲ್ಲಿ ಇತ್ತೋ ಅಲ್ಲಿ ಅದು ಜೀವದ ಹಗ್ಗವಾಗಿತ್ತು. ಆಶಾ ಕಾರ್ಯಕರ್ತೆಯರ ಮೂಲಕ ಅದನ್ನು ಮಾಮೂಲಿ ದಿನಗಳಿಗೂ ವಿಸ್ತರಿಸಬಹುದು, ಅವರಿಗೆ ನ್ಯಾಯವಾದ ಗೌರವಧನ ಕೊಟ್ಟು.

ಶಾಲೆಗಳಿಗೂ ಒಂದು ಮಾತು. ಒಂದು ದಿನವೂ ತಪ್ಪದೆ ಬಂದ ಮಗುವಿಗೆ ವಾರ್ಷಿಕೋತ್ಸವದಲ್ಲಿ ಬಹುಮಾನ ಕೊಡುವ ಪದ್ಧತಿ ಹಲವೆಡೆ ಇದೆ. ಮಗುವನ್ನು ಜ್ವರದಲ್ಲೂ ಸಮವಸ್ತ್ರ ತೊಡಿಸಿ ಕಳಿಸುವಂತೆ ಮಾಡುವುದು ಇಂಥ ಬಹುಮಾನಗಳೇ. ಅಂಟುರೋಗದ ರಜೆಯನ್ನು ಹಾಜರಾತಿಯ ಕೊರತೆಯೆಂದು ಎಣಿಸದೆ, ತಪ್ಪಿದ ಪಾಠವನ್ನು ಮನೆಗೆ ತಲುಪಿಸಿದರೆ ಇಡೀ ತರಗತಿ ಉಳಿಯುತ್ತದೆ. ಕಚೇರಿಗಳಿಗೂ ಇದೇ ಮಾತು ಸಲ್ಲುತ್ತದೆ.

ಅಸಂಘಟಿತ ಕಾರ್ಮಿಕರಿಗೆ ಅಂಟುರೋಗದ ದಿನಗಳ ಕೂಲಿಯನ್ನು ತುಂಬಿಕೊಡುವ ನಿಧಿಯೊಂದನ್ನು ರಾಜ್ಯ ಸರ್ಕಾರ ಸ್ಥಾಪಿಸಬೇಕು. ಸಾಂಕ್ರಾಮಿಕ ಬಂದಾಗ ಕಟ್ಟುವ ತಾತ್ಕಾಲಿಕ ವ್ಯವಸ್ಥೆಗಳಿಗಿಂತ ಅದರ ಖರ್ಚು ದೊಡ್ಡದಾಗಲಾರದು. ಸರ್ಕಾರ ಮಾಡುವವರೆಗೆ ನಾವೂ ಕಾಯಬೇಕಾಗಿಲ್ಲ. ನಮ್ಮ ಮನೆಯ ಕೆಲಸದಾಕೆ ಜ್ವರವೆಂದು ಫೋನ್ ಮಾಡಿದ ದಿನ ‘ಸಂಬಳ ಮುರಿಯುವುದಿಲ್ಲ, ಗುಣವಾಗಿ ಬಾಮ್ಮ’ ಎನ್ನೋಣ. ಪಕ್ಕದ ಮನೆಯಲ್ಲಿ ಕಾಯಿಲೆಯಿದ್ದರೆ ಬಾಗಿಲ ಬಳಿ ಹಾಲು, ತರಕಾರಿ ಇಟ್ಟು, ಕಿಟಕಿಯಿಂದಲೇ ಹೇಗಿದ್ದೀರಿ ಎಂದು ಕೇಳೋಣ. ಮುಚ್ಚಿದ ಬಾಗಿಲ ಹೊರಗೆ ಒಬ್ಬರು ಇದ್ದಾರೆಂಬ ಧೈರ್ಯ ಇದ್ದಾಗ ಮಾತ್ರ ಒಳಗಿರುವ ರೋಗಿ ಒಳಗೇ ಇರುತ್ತಾನೆ.