ಎರವಲು ಕೋಡ್‌ಗೆ ವಾರಸುದಾರರು ಯಾರು?

ತೋಟದಲ್ಲಿ ನೆಟ್ಟ ತೇವಾಂಶದ ಸೆನ್ಸರ್ ತಪ್ಪು ಅಂಕಿ ಕೊಟ್ಟರೆ ಬೆಳೆಗಾರ ಸೆನ್ಸರನ್ನು ಬಯ್ಯುತ್ತಾನೆ. ಮಾರಿದವರು ಮಣ್ಣನ್ನೋ ಬ್ಯಾಟರಿಯನ್ನೋ ಸಿಗ್ನಲ್ಲನ್ನೋ ದೂರುತ್ತಾರೆ. ಎಲೆಕ್ಟ್ರಾನಿಕ್ಸ್ ಪಾಠ ಹೇಳುವ ನನ್ನ ಮೇಜಿಗೆ ಇಂಥ ಬೋರ್ಡ್‌ಗಳು ಆಗಾಗ ಬರುತ್ತವೆ. ಹಳೆಯ ವಿದ್ಯಾರ್ಥಿಗಳು ‘ಮೇಡಂ, ಒಮ್ಮೆ ನೋಡಿ’ ಎಂದು ತಂದಿಡುತ್ತಾರೆ. ಹಲವು ಸಲ ಸೆನ್ಸರೂ ಚೆನ್ನಾಗಿರುತ್ತದೆ, ಬ್ಯಾಟರಿಯೂ ಚೆನ್ನಾಗಿರುತ್ತದೆ. ಬೇರೆಲ್ಲಿಗೋ ಬರೆದಿದ್ದನ್ನು ತಂದು ಸೇರಿಸಿದ ಸಿ ಭಾಷೆಯ ನಾಲ್ಕಾರು ಸಾಲುಗಳಲ್ಲಿ ತೊಂದರೆ ಇರುತ್ತದೆ. ಆ ಸಾಲುಗಳಿಗೆ ಹೊಣೆ ಯಾರು ಎಂದು ಕೇಳಿದರೆ ಉತ್ತರ ಸಿಗುವುದಿಲ್ಲ.

ತೀರ್ಥಹಳ್ಳಿ ಕಡೆಯ ಒಂದು ಅಡಿಕೆ ತೋಟದ ಪ್ರಕರಣ ಹೇಳುತ್ತೇನೆ. ಮಣ್ಣು ಒಣಗಿದಾಗ ಪಂಪ್ ತಾನೇ ಚಾಲೂ ಆಗಬೇಕು, ಒದ್ದೆಯಾದಾಗ ನಿಲ್ಲಬೇಕು. ಅದಕ್ಕೆಂದು ಸೆನ್ಸರ್ ಜಾಲ ಹಾಕಿದ್ದರು. ಬೇಸಿಗೆಯಲ್ಲೆಲ್ಲ ಸರಿಯಾಗಿ ನಡೆಯಿತು. ‘ಮಳೆ ಬಂದ ಮಾರನೇ ದಿನ ಮೋಟರು ಓಡ್ತದೆ ಮಾರಾಯ್ರೆ, ತೋಟದಲ್ಲಿ ನೀರು ನಿಂತಿದೆ’ ಎಂದು ತೋಟದ ಯಜಮಾನರು ಫೋನ್ ಮಾಡಿದರು. ಕಂಪನಿಯವರು ಸೆನ್ಸರ್ ಬದಲಿಸಿ ಹೋದರು. ಮುಂದಿನ ಮಳೆಗೆ ಅದೇ ಕಥೆ.

ಕಾರಣ ಸರಳವಾದ ಲೆಕ್ಕದಲ್ಲಿತ್ತು. ಬೋರ್ಡ್‌ನಲ್ಲಿದ್ದ ಚಿಪ್ ಸೆನ್ಸರ್‌ನ ವೋಲ್ಟೇಜನ್ನು 0ಯಿಂದ 4095ರೊಳಗಿನ ಒಂದು ಸಂಖ್ಯೆಯಾಗಿ ಓದುತ್ತದೆ. ಮಣ್ಣು ಒದ್ದೆಯಾದಷ್ಟೂ ಸಂಖ್ಯೆ ಏರುತ್ತದೆ. ಏರಿಳಿತ ಕಡಿಮೆಯಾಗಲೆಂದು 16 ಸಲ ಓದಿ, ಕೂಡಿಸಿ, ಸರಾಸರಿ ತೆಗೆಯುವ ಒಂದು ಸಿ ಫಂಕ್ಷನ್ನನ್ನು ಲ್ಯಾಪ್‌ಟಾಪ್‌ನಲ್ಲಿ ಓಡುತ್ತಿದ್ದ ಪ್ರೋಗ್ರಾಂನಿಂದ ಹಾಗೆಯೇ ಎತ್ತಿ ತಂದಿದ್ದರು. ಲ್ಯಾಪ್‌ಟಾಪ್‌ನಲ್ಲಿ ಸಿ ಭಾಷೆಯ ‘ಇಂಟ್’ ಎಂಬ ಪೂರ್ಣಾಂಕ 32 ಬಿಟ್. ಇನ್ನೂರು ಕೋಟಿಗೂ ಮೇಲಿನ ಮೊತ್ತ ಹಿಡಿಸುತ್ತದೆ. ಈ ಪುಟ್ಟ ಚಿಪ್‌ನಲ್ಲಿ ಅದೇ ‘ಇಂಟ್’ 16 ಬಿಟ್. 32767 ದಾಟಿದರೆ ಸಂಖ್ಯೆ ಮಗುಚಿ ಮೈನಸ್‌ಗೆ ಹೋಗುತ್ತದೆ. ಸರಾಸರಿ 2047ರವರೆಗೆ ಇರುವಷ್ಟು ಕಾಲ ಯಾವ ತಕರಾರೂ ಇಲ್ಲ. ಮಳೆ ಬಿದ್ದು ಸರಾಸರಿ 2100 ಆದಾಗ ಮೊತ್ತ 33600. ಅದು ಮಗುಚಿ ಮೈನಸ್ 31936 ಆಗಿ, ಸರಾಸರಿ ಮೈನಸ್ 1996 ಎಂದು ಬರುತ್ತಿತ್ತು. ಇಷ್ಟು ಕಡಿಮೆ ಎಂದರೆ ಮಣ್ಣು ಬಿರುಕು ಬಿಟ್ಟಿದೆ ಎಂದು ಪ್ರೋಗ್ರಾಂ ತಿಳಿದು ಪಂಪ್ ಹಾಕುತ್ತಿತ್ತು. ಮೊತ್ತವನ್ನು ಮೈನಸ್ ಇಲ್ಲದ 16 ಬಿಟ್ ಸಂಖ್ಯೆ ಎಂದು ಘೋಷಿಸಿದ್ದರೆ ಸಾಕಿತ್ತು: 4095ರ 16 ಪಟ್ಟು 65520, ಅಲ್ಲಿನ ಮಿತಿ 65535. ಒಂದೇ ಪದದ ತಿದ್ದುಪಡಿ.

ಆ ಫಂಕ್ಷನ್ ಬರೆದವರು ತಪ್ಪು ಮಾಡಿರಲಿಲ್ಲ. ಅವರು ಬರೆದ ಜಾಗದಲ್ಲಿ ಅದು ಸರಿಯಾಗಿಯೇ ಇತ್ತು. ಹೊಸ ಜಾಗಕ್ಕೆ ಒಯ್ದವರು ಆ ಜಾಗದ ಅಳತೆ ನೋಡಲಿಲ್ಲ.

1996ರ ಜೂನ್ 4ರಂದು ಫ್ರೆಂಚ್ ಗಯಾನಾದಿಂದ ಹಾರಿದ ಏರಿಯಾನ್ 5 ರಾಕೆಟ್ ಸುಮಾರು 40 ಸೆಕೆಂಡ್‌ಗಳಲ್ಲಿ ಚೂರಾದದ್ದಕ್ಕೂ ಇದೇ ಜಾತಿಯ ಕಾರಣ. ಏರಿಯಾನ್ 4ರಲ್ಲಿ ವರ್ಷಗಟ್ಟಲೆ ಸರಿಯಾಗಿ ನಡೆದ ಪ್ರೋಗ್ರಾಂ ತುಣುಕನ್ನು ಹೊಸ ರಾಕೆಟ್‌ಗೂ ಹಾಕಿದ್ದರು. ಹೊಸ ರಾಕೆಟ್‌ನ ಅಡ್ಡವೇಗ ಹೆಚ್ಚು. 16 ಬಿಟ್‌ಗೆ ಆ ಸಂಖ್ಯೆ ಹಿಡಿಸಲಿಲ್ಲ. ಅಲ್ಲಿದ್ದದ್ದು ಅಡಾ ಭಾಷೆ, ಇಲ್ಲಿರುವುದು ಸಿ ಭಾಷೆ. 32767 ಎಂಬ ಗಡಿ ಎರಡೂ ಕಡೆ ಒಂದೇ.

ಸೆನ್ಸರ್ ಜಾಲಗಳ ಪ್ರಪಂಚದಲ್ಲಿ ಈ ಎರವಲು ಇಷ್ಟು ಸೂಕ್ಷ್ಮವೇಕೆ ಎಂದು ಹೇಳಬೇಕು. ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಟೈನಿಓಎಸ್ ಎಂಬ ಕಾರ್ಯವ್ಯವಸ್ಥೆ ಎರಡು ದಶಕಗಳ ಹಿಂದೆ ಈ ಕ್ಷೇತ್ರಕ್ಕೆ ಅಡಿಪಾಯ ಹಾಕಿತು. ಅಮೆರಿಕದ ಮೇನ್ ರಾಜ್ಯದ ಗ್ರೇಟ್ ಡಕ್ ದ್ವೀಪದಲ್ಲಿ 2002ರಲ್ಲಿ ಕಡಲಹಕ್ಕಿಗಳ ಗೂಡಿನ ಉಷ್ಣಾಂಶ ಅಳೆದ ಪುಟ್ಟ ಪೆಟ್ಟಿಗೆಗಳಲ್ಲಿ ಓಡಿದ್ದು ಅದೇ. ನಮ್ಮಲ್ಲೂ ಆ ದಿನಗಳಲ್ಲೇ ಭಾರತೀಯ ವಿಜ್ಞಾನ ಸಂಸ್ಥೆಯವರು ಸ್ವಿಟ್ಜರ್ಲೆಂಡಿನ ಲೌಸಾನ್‌ನ ತಾಂತ್ರಿಕ ಸಂಸ್ಥೆಯೊಂದಿಗೆ ಸೇರಿ ಪಾವಗಡ ತಾಲ್ಲೂಕಿನ ಚೆನ್ನಕೇಶವಪುರದಲ್ಲಿ ಮಳೆಯಾಶ್ರಿತ ಬೇಸಾಯಗಾರರಿಗಾಗಿ ಇಂಥ ಜಾಲ ಹಾಕಿ ನೋಡಿದ್ದರು. ಬರದ ಸೀಮೆಯ ಶೇಂಗಾ ಹೊಲಕ್ಕೆ ಈ ತಂತ್ರಜ್ಞಾನ ಅಷ್ಟು ಮೊದಲೇ ಬಂದಿತ್ತು ಎಂಬುದು ನನಗೆ ಇಂದಿಗೂ ಹೆಮ್ಮೆಯ ವಿಷಯ.

ಆಗ ಬಹಳ ಕಡೆ ಬಳಕೆಯಲ್ಲಿದ್ದ ಟೆಲೋಸ್‌ಬಿ ಬೋರ್ಡ್‌ನ ರ‍್ಯಾಮ್ 10 ಕಿಲೋಬೈಟ್, ಪ್ರೋಗ್ರಾಂ ಇಡುವ ಜಾಗ 48 ಕಿಲೋಬೈಟ್. ಮೊಬೈಲಿನಲ್ಲಿ ತೆಗೆದ ಒಂದು ಫೋಟೋ ಇದರ ಹತ್ತಾರು ಪಟ್ಟು ದೊಡ್ಡದು. ಇಷ್ಟರಲ್ಲಿ ಕೆಲಸ ಸಾಗಬೇಕೆಂದೇ ಟೈನಿಓಎಸ್‌ಗೆ ನೆಸ್‌ಸಿ ಎಂಬ, ಸಿ ಭಾಷೆಯದೇ ವಿಸ್ತರಣೆಯಾದ ಭಾಷೆ ರೂಪಿಸಿದರು. ಅದರ ಕಂಪೈಲರ್ ಇಡೀ ಪ್ರೋಗ್ರಾಮನ್ನು ಒಟ್ಟಿಗೆ ಓದಿ, ಒಂದೇ ದೊಡ್ಡ ಸಿ ಫೈಲ್ ಮಾಡಿ, ಬೇಡದ್ದನ್ನು ಕಿತ್ತುಹಾಕುತ್ತದೆ. ಒಂದೇ ಅಂಕಿಯನ್ನು ಎರಡು ಕಡೆಯಿಂದ ಒಮ್ಮೆಗೇ ಬದಲಿಸುವ ಅಪಾಯ ಕಂಡರೆ ಎಚ್ಚರಿಸುತ್ತದೆ.

ಹೊರಗಿನ ಸಿ ಕೋಡನ್ನು ಇದಕ್ಕೆ ಸೇರಿಸಲು ಎರಡು ದಾರಿಗಳಿವೆ. ಮೂಲ ಸಾಲುಗಳನ್ನೇ ಒಳಗೆ ಸೇರಿಸಿದರೆ ಕಂಪೈಲರ್‌ಗೆ ಎಲ್ಲವೂ ಕಾಣುತ್ತದೆ. ಬೇರೆಯಾಗಿ ಕಂಪೈಲ್ ಮಾಡಿದ ಸಿದ್ಧ ಫೈಲನ್ನು ಕೊನೆಯಲ್ಲಿ ಲಿಂಕರ್ ಮೂಲಕ ಜೋಡಿಸಿದರೆ ಹೆಸರುಗಳಷ್ಟೇ ತಾಳೆಯಾಗುತ್ತವೆ. ಒಳಗೆ ಏನು ನಡೆಯುತ್ತದೆ ಎಂಬುದು ಕಂಪೈಲರ್‌ಗೆ ಕಾಣುವುದಿಲ್ಲ. ನೆಸ್‌ಸಿ ತನ್ನ ಫಂಕ್ಷನ್‌ಗಳ ಹೆಸರಿಗೆ ಮಾಡ್ಯೂಲಿನ ಹೆಸರು ಅಂಟಿಸುತ್ತದೆ; ಹೊರಗಿನ ಕೋಡ್ ಅವನ್ನು ಹೆಸರು ಹಿಡಿದು ಕರೆಯಬೇಕಾದರೆ ‘ಹೆಸರು ಬದಲಿಸಬೇಡ’ ಎಂದೂ, ‘ಯಾರೂ ಕರೆಯುತ್ತಿಲ್ಲವೆಂದು ಕಿತ್ತುಹಾಕಬೇಡ’ ಎಂದೂ ಎರಡು ಗುರುತು ಹಾಕಬೇಕು. ಹುಡುಗರು ಇಷ್ಟಕ್ಕೇ ಸುಸ್ತಾಗಿರುತ್ತಾರೆ. ಲಿಂಕರ್‌ನ ಬೈಗುಳ ನಿಂತ ಕೂಡಲೇ ಕೆಲಸ ಮುಗಿಯಿತೆಂದು ಕೈತೊಳೆದುಕೊಳ್ಳುತ್ತಾರೆ. ನನ್ನ ಪ್ರಕಾರ ಕೆಲಸ ಶುರುವಾಗುವುದೇ ಅಲ್ಲಿಂದ.

ಏಕೆಂದರೆ ಇಂಥ ಚಿಪ್‌ನಲ್ಲಿ ಒಂದು ಪ್ರೋಗ್ರಾಂ ಇನ್ನೊಂದರ ಜಾಗಕ್ಕೆ ನುಗ್ಗದಂತೆ ತಡೆಯುವ ಗೋಡೆ ಇಲ್ಲ. ತಂದು ಸೇರಿಸಿದ ಫಂಕ್ಷನ್ ತನ್ನೊಳಗೆ ಒಂದು ಕಿಲೋಬೈಟ್‌ನ ತಾತ್ಕಾಲಿಕ ಜಾಗ ಕೇಳಿತೆನ್ನಿ. ಲ್ಯಾಪ್‌ಟಾಪ್‌ನಲ್ಲಿ ಅದು ಲೆಕ್ಕಕ್ಕೇ ಇಲ್ಲ, ಇಲ್ಲಿ ಹತ್ತರಲ್ಲೊಂದು ಪಾಲು. ಜಾಗ ಸಾಲದಿದ್ದರೆ ಅದು ಪಕ್ಕದ ಅಂಕಿಗಳ ಮೇಲೆ ಸದ್ದಿಲ್ಲದೆ ಬರೆಯುತ್ತದೆ. ದೋಷದ ಸಂದೇಶ ತೋರಿಸಲು ಪರದೆಯೂ ಇರುವುದಿಲ್ಲ. ಇನ್ನು ಟೈನಿಓಎಸ್‌ನಲ್ಲಿ ಒಂದು ಕೆಲಸ ಪೂರ್ತಿ ಮುಗಿದ ಮೇಲಷ್ಟೇ ಮುಂದಿನದರ ಸರದಿ. ಉತ್ತರ ಬರುವವರೆಗೆ ಸುಮ್ಮನೆ ಸುತ್ತುತ್ತಾ ಕಾಯುವ ಸಿ ಫಂಕ್ಷನ್ ಒಂದನ್ನು ನಡುವೆ ತಂದಿಟ್ಟರೆ ಅಷ್ಟು ಹೊತ್ತು ಸರದಿಯಲ್ಲಿರುವ ಉಳಿದೆಲ್ಲ ಕೆಲಸ ನಿಲ್ಲುತ್ತದೆ. ಪಕ್ಕದ ಬೋರ್ಡ್ ಕಳಿಸಿದ ಸಂದೇಶಗಳನ್ನು ಮುಂದಕ್ಕೆ ಕಳಿಸುವವರೇ ಇಲ್ಲದೆ ಅವು ಬಿದ್ದುಹೋಗುತ್ತವೆ. ಎರವಲು ಕೋಡ್ ಇರುವ ಬೋರ್ಡ್ ಚೆನ್ನಾಗಿಯೇ ಕಾಣುತ್ತದೆ; ಅದರ ಹಿಂದಿನ ಬೋರ್ಡ್‌ಗಳು ಕೆಟ್ಟಂತೆ ಕಾಣುತ್ತವೆ. ಇಂಥದ್ದನ್ನು ಪತ್ತೆ ಹಚ್ಚುವುದು ಬಹಳ ಕಷ್ಟ.

ಇದು ಟೈನಿಓಎಸ್‌ನ ಕಾಲಕ್ಕೆ ಮುಗಿದ ಮಾತಲ್ಲ. ಚಿಪ್‌ಗಳು ದೊಡ್ಡವಾಗಿವೆ, ಎರವಲೂ ಅಷ್ಟೇ ದೊಡ್ಡದಾಗಿದೆ. ಸ್ವೀಡನ್ನಿನ ಆಡಂ ಡಂಕೆಲ್ಸ್ ಪುಟ್ಟ ಚಿಪ್‌ಗಳಿಗೂ ಇಂಟರ್ನೆಟ್ ಸಂಪರ್ಕ ಕೊಡುವ ಯುಐಪಿ ಎಂಬ ಸಿ ಕೋಡ್ ಬರೆದು ಎಲ್ಲರಿಗೂ ಮುಕ್ತವಾಗಿ ಕೊಟ್ಟರು. ಅದ್ಭುತ ಕೆಲಸ ಅದು. ಲೋಕವೆಲ್ಲ ಅದನ್ನು ತಮ್ಮ ತಮ್ಮ ಉಪಕರಣಗಳಿಗೆ ಸೇರಿಸಿಕೊಂಡಿತು. 2020ರ ಡಿಸೆಂಬರ್‌ನಲ್ಲಿ ಫೋರ್‌ಸ್ಕೌಟ್ ಸಂಸ್ಥೆಯ ಸಂಶೋಧಕರು ಯುಐಪಿಯೂ ಸೇರಿ ಇಂಥ ನಾಲ್ಕು ಮುಕ್ತ ಕೋಡ್‌ಗಳಲ್ಲಿ 33 ಭದ್ರತಾ ದೋಷಗಳನ್ನು ಬಯಲು ಮಾಡಿದರು. 150ಕ್ಕೂ ಹೆಚ್ಚು ತಯಾರಕರ ಲಕ್ಷಾಂತರ ಉಪಕರಣಗಳಲ್ಲಿ ಅವು ಇರಬಹುದು ಎಂಬುದು ಅವರ ಅಂದಾಜು. ದೋಷಕ್ಕಿಂತ ದೊಡ್ಡ ತಲೆನೋವು ಬೇರೆ: ತಾವು ಮಾರಿದ ಪೆಟ್ಟಿಗೆಯಲ್ಲಿ ಆ ಕೋಡ್ ಇದೆಯೋ ಇಲ್ಲವೋ ಎಂದು ಅನೇಕ ತಯಾರಕರಿಗೇ ಖಚಿತವಿರಲಿಲ್ಲ. ಯಾರೋ ಬಿಡಿಭಾಗ ಮಾರಿದವರು ಸೇರಿಸಿದ್ದು, ಅವರಿಗೆ ಇನ್ಯಾರೋ ಕೊಟ್ಟದ್ದು.

ಎರವಲು ತರುವುದೇ ತಪ್ಪು ಎಂದು ನಾನು ಹೇಳುತ್ತಿಲ್ಲ. ಗೂಢಲಿಪಿಯ ಕೋಡನ್ನು, ರೇಡಿಯೋ ಕೋಡನ್ನು ಪ್ರತಿಯೊಬ್ಬರೂ ಹೊಸದಾಗಿ ಬರೆಯತೊಡಗಿದರೆ ಇನ್ನೂ ಅಪಾಯ. ಬಲ್ಲವರು ಬರೆದು, ಹಲವರು ಓದಿದ ಕೋಡನ್ನು ತರಬೇಕು. ಆದರೆ ತಂದವರು ಓದಬೇಕು, ಅದೇ ಬೋರ್ಡ್‌ನ ಮೇಲೆ ಗರಿಷ್ಠ ಅಂಕಿ ಕೊಟ್ಟು ಪರೀಕ್ಷಿಸಬೇಕು. ಲಿಂಕರ್ ಬರೆದುಕೊಡುವ ಮ್ಯಾಪ್ ಫೈಲ್ ತೆರೆದು ಯಾವ ತುಣುಕು ಎಷ್ಟು ಜಾಗ ತಿಂದಿದೆ ಎಂದು ನೋಡಬೇಕು. ಮೂಲ ಸಾಲುಗಳಿಲ್ಲದ ಸಿದ್ಧ ಫೈಲನ್ನು ಬೆಲೆ ಎಷ್ಟೇ ಕಡಿಮೆಯಿರಲಿ ಒಪ್ಪಿಕೊಳ್ಳಬಾರದು. ಕೊನೆಯದಕ್ಕೆ ತಯಾರಕರು ಗೊಣಗುತ್ತಾರೆಂದು ಬಲ್ಲೆ. ಗೊಣಗಲಿ.

ಇದನ್ನು ಇಂಜಿನಿಯರ್‌ಗಳ ಒಳಜಗಳವೆಂದು ಬಿಡದೆ ಪತ್ರಿಕೆಗೆ ಬರೆಯಲು ಕಾರಣವಿದೆ. ಈಗ ಸೆನ್ಸರ್‌ನ ಅಂಕಿ ದುಡ್ಡಾಗಿದೆ. ಮಲೆನಾಡು, ಕರಾವಳಿಯ ಅಡಿಕೆ ಮತ್ತು ಕಾಳುಮೆಣಸಿನ ಹವಾಮಾನ ಆಧಾರಿತ ಬೆಳೆ ವಿಮೆಯಲ್ಲಿ ಪರಿಹಾರ ನಿಲ್ಲುವುದು ಗ್ರಾಮ ಪಂಚಾಯಿತಿ ಮಟ್ಟದ ಮಳೆಮಾಪಕದ ಅಂಕಿಯ ಮೇಲೆ. ಹೊಸ ವಿದ್ಯುತ್ ಸಂಪರ್ಕಕ್ಕೆ ಸ್ಮಾರ್ಟ್ ಮೀಟರ್ ಬಂದಿದೆ. ಹಳ್ಳಿಯ ನಲ್ಲಿಯಲ್ಲಿ ಹರಿಯುವ ನೀರನ್ನೂ ಸೆನ್ಸರ್‌ಗಳಿಂದ ಅಳೆಯುವ ಪ್ರಯತ್ನ ಜಲ ಜೀವನ್ ಮಿಷನ್‌ನಲ್ಲಿ ನಡೆದಿದೆ. ಇವೆಲ್ಲದರ ಒಳಗೂ ಸಿ ಕೋಡ್ ಇರುತ್ತದೆ, ಅದರಲ್ಲಿ ಎರವಲಿನ ಪಾಲೂ ಇರುತ್ತದೆ. ಟೆಂಡರ್‌ಗಳಲ್ಲಿ ಪೆಟ್ಟಿಗೆಯ ದಪ್ಪ, ಕಂಬದ ಎತ್ತರ, ಸೋಲಾರ್ ಪ್ಯಾನೆಲ್‌ನ ವ್ಯಾಟ್ ಎಲ್ಲ ಬರೆದಿರುತ್ತದೆ. ಒಳಗಿನ ಪ್ರೋಗ್ರಾಂನಲ್ಲಿ ಯಾರ ಕೋಡ್ ಸೇರಿದೆ ಎಂಬ ಪ್ರಶ್ನೆಯನ್ನು, ನಾನು ಓದಿದ ಟೆಂಡರ್‌ಗಳಲ್ಲಿ, ಕಂಡಿಲ್ಲ.

ಹೀಗೆ ಕೇಳುವುದು ಅತಿರೇಕವೂ ಅಲ್ಲ. ಪ್ರತಿ ಸಾಫ್ಟ್‌ವೇರ್‌ನ ಜೊತೆ ಅದರಲ್ಲಿ ಸೇರಿರುವ ಎಲ್ಲ ತುಣುಕುಗಳ ಪಟ್ಟಿ ಇರಬೇಕೆಂದು ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸಿಇಆರ್‌ಟಿ-ಇನ್ 2024ರಲ್ಲೇ ಮಾರ್ಗಸೂಚಿ ಹೊರಡಿಸಿದೆ. ಸರ್ಕಾರಿ ಇಲಾಖೆಗಳು ಖರೀದಿಯಲ್ಲಿ ಅದನ್ನು ಕೇಳಬೇಕೆಂಬುದೇ ಅದರ ಆಶಯ. ಆ ಪಟ್ಟಿಯನ್ನು ಬೆಂಗಳೂರಿನ ದೊಡ್ಡ ಕಚೇರಿಗಳ ಸಾಫ್ಟ್‌ವೇರ್‌ಗಷ್ಟೇ ಕೇಳಿ, ಪಂಚಾಯಿತಿಯ ಕಂಬದ ಮೇಲಿನ ಪೆಟ್ಟಿಗೆಗೆ ಕೇಳದಿದ್ದರೆ ರೈತನಿಗೆ ಪ್ರಯೋಜನವಿಲ್ಲ.

ಆದ್ದರಿಂದ ಮುಂದಿನ ಹಂಗಾಮಿಗೆ ಮಳೆಮಾಪಕ, ನೀರಿನ ಮೀಟರ್, ಮಣ್ಣಿನ ಸೆನ್ಸರ್ ಖರೀದಿಸುವ ಕೃಷಿ, ತೋಟಗಾರಿಕೆ, ಗ್ರಾಮೀಣಾಭಿವೃದ್ಧಿ ಇಲಾಖೆಗಳ ಅಧಿಕಾರಿಗಳಲ್ಲಿ ನನ್ನದೊಂದು ವಿನಂತಿ. ಟೆಂಡರ್ ದಾಖಲೆಯಲ್ಲಿ ಮೂರು ಷರತ್ತು ಸೇರಿಸಿ: ಹೊರಗಿನಿಂದ ತಂದ ಕೋಡ್‌ನ ಪಟ್ಟಿ ಆವೃತ್ತಿ ಸಮೇತ ಇರಬೇಕು; ಅದೇ ಬೋರ್ಡ್‌ನ ಮೇಲೆ ಕನಿಷ್ಠ ಹಾಗೂ ಗರಿಷ್ಠ ಅಂಕಿಗಳಲ್ಲಿ ನಡೆಸಿದ ಪರೀಕ್ಷೆಯ ವರದಿ ಇರಬೇಕು; ದೋಷ ಸಿಕ್ಕಾಗ ತಿದ್ದಿಕೊಡುವ ಹೊಣೆ ಉಪಕರಣದ ಬಾಳಿಕೆಯ ಉದ್ದಕ್ಕೂ ಮಾರಿದವರದ್ದೇ ಆಗಿರಬೇಕು. ಇದಕ್ಕೆ ಒಪ್ಪದವರಿಂದ ಖರೀದಿಸಬೇಡಿ.