ಪರದೆಯಲ್ಲಿ ಉಪ್ಪು ಕಾಣುವುದಿಲ್ಲ

ಯೂಟ್ಯೂಬ್ ನೋಡಿ ಥಾಯ್ ಮನೆಯಡುಗೆ ಕಲಿಯುವವರು ಈಗ ನಮ್ಮಲ್ಲೂ ಇದ್ದಾರೆ. ಇದನ್ನು ಕಂಡು ಮೂಗು ಮುರಿಯುವವರ ಪಕ್ಷ ನನ್ನದಲ್ಲ. ತೆಂಗಿನಹಾಲು ಕುದಿದು ಎಣ್ಣೆ ಬಿಡುವ ಹದ, ಕುಟ್ಟಾಣಿಯಲ್ಲಿ ಮಜ್ಜಿಗೆಹುಲ್ಲು ನುಣ್ಣಗಾಗುವ ಬಗೆ, ಇವೆಲ್ಲ ಓದಿದರೆ ತಿಳಿಯದು, ನೋಡಿದರೆ ತಿಳಿಯುತ್ತದೆ. ಥಾಯ್ಲೆಂಡಿನಲ್ಲಿ ಬೆಳೆದು ಕೆನಡಾದಲ್ಲಿ ನೆಲೆಸಿರುವ ಪೈಲಿನ್ ಚೊಂಗ್‌ಚಿತ್ನಂತ್ 2009ರಿಂದ ಹೀಗೆ ಕಲಿಸುತ್ತಿದ್ದಾರೆ. ಆಕೆ ಪೋಷಣಾ ವಿಜ್ಞಾನದ ಪದವೀಧರೆಯೂ ಹೌದು.

ಆದರೆ ಪರದೆ ತೋರಿಸಲಾರದ ಒಂದು ವಸ್ತುವಿದೆ. ಅದೇ ಉಪ್ಪು.

ಥಾಯ್ ಅಡುಗೆಗೆ ಉಪ್ಪು ಬರುವುದು ಹೆಚ್ಚಾಗಿ 'ನಾಮ್ ಪ್ಲಾ'ದಿಂದ. ಸಣ್ಣ ಮೀನಿಗೆ ಉಪ್ಪು ಬೆರೆಸಿ ತಿಂಗಳುಗಟ್ಟಲೆ ಹುದುಗಿಸಿ ತೆಗೆದ ತಿಳಿರಸವಿದು. ಇದರ ಒಂದು ದೊಡ್ಡ ಚಮಚದಲ್ಲಿ (15 ಮಿ.ಲೀ.) ಸುಮಾರು 1,400 ಮಿ.ಗ್ರಾಂ ಸೋಡಿಯಂ, ಅಂದರೆ ಮೂರೂವರೆ ಗ್ರಾಂ ಉಪ್ಪು ಇರುತ್ತದೆ. ವಯಸ್ಕರಿಗೆ ಇಡೀ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. 'ಪಾಡ್ ಕ್ರಪಾವ್' ಎಂಬ ಹುರಿದ ಖಾದ್ಯವನ್ನೇ ನೋಡಿ (ಅದಕ್ಕೆ ಹಾಕುವ ಸೊಪ್ಪು ನಮ್ಮ ತುಳಸಿಯೇ!). ಅನೇಕ ವಿಡಿಯೊಗಳಲ್ಲಿ ಆ ಒಂದೇ ಬಾಣಲೆಗೆ ನಾಮ್ ಪ್ಲಾ, ಸೋಯಾ ಸಾಸ್, ಆಯ್‌ಸ್ಟರ್ ಸಾಸ್ ಮೂರೂ ಬೀಳುತ್ತವೆ. ಮೂರರಲ್ಲೂ ಉಪ್ಪಿದೆ. ಕೊನೆಗೆ "ರುಚಿ ನೋಡಿ ಹೊಂದಿಸಿಕೊಳ್ಳಿ" ಎನ್ನುತ್ತಾರೆ. ಆ ರುಚಿಯನ್ನು ಒಮ್ಮೆಯೂ ಉಣ್ಣದ ನಾಲಿಗೆ ಯಾವುದಕ್ಕೆ ಹೊಂದಿಸೀತು?

ಉಣ್ಣುವ ರೀತಿಯೂ ಬೇರೆ. ಥಾಯ್ ಮನೆಗಳಲ್ಲಿ ತಟ್ಟೆಯ ತುಂಬ ಉಪ್ಪಿಲ್ಲದ ಅನ್ನ. ನಡುವಿನ ಪಾತ್ರೆಯಿಂದ ಎಲ್ಲರೂ ಒಂದೊಂದು ಚಮಚ ಹಾಕಿಕೊಳ್ಳುತ್ತಾರೆ. ನಾವಾದರೋ ಅದನ್ನು ಸಾರಿನಂತೆ ಸೌಟುಗಟ್ಟಲೆ ಸುರಿದು ಕಲಸುತ್ತೇವೆ, ಪಕ್ಕಕ್ಕೆ ಹಪ್ಪಳ, ಕಡೆಗೆ ಮೊಸರನ್ನಕ್ಕೆ ಉಪ್ಪಿನಕಾಯಿ ಬೇರೆ. ಹಾಗೆಂದು ಅವರೇನೂ ಸುರಕ್ಷಿತರಲ್ಲ. 2019–20ರಲ್ಲಿ ಮೂತ್ರಪರೀಕ್ಷೆಯ ಮೂಲಕ ನಡೆದ ರಾಷ್ಟ್ರವ್ಯಾಪಿ ಸಮೀಕ್ಷೆಯಲ್ಲಿ ಥಾಯ್ ವಯಸ್ಕರು ದಿನಕ್ಕೆ ಸರಾಸರಿ 9 ಗ್ರಾಂನಷ್ಟು ಉಪ್ಪು ತಿನ್ನುತ್ತಿರುವುದು ಕಂಡುಬಂತು. ರಕ್ತದೊತ್ತಡ, ಪಾರ್ಶ್ವವಾಯು, ಮೂತ್ರಪಿಂಡದ ಕಾಯಿಲೆಗಳಿಗೆ ಇದು ನೇರ ದಾರಿ.

ಆದ್ದರಿಂದ ಸೀಸೆಯನ್ನು ಬಾಣಲೆಗೆ ಬಗ್ಗಿಸದೆ ಚಮಚದಲ್ಲಿ ಅಳೆಯಿರಿ. ಹೇಳಿದ್ದರ ಅರ್ಧ ಹಾಕಿ, ಮಿಕ್ಕಿದ್ದನ್ನು ನಿಂಬೆರಸ, ಮೆಣಸಿನಕಾಯಿ, ಸೊಪ್ಪಿನ ಘಮಕ್ಕೆ ಬಿಡಿ. ಅಂದು ಉಪ್ಪಿನಕಾಯಿ ಭರಣಿ ಕಪಾಟಿನಲ್ಲೇ ಇರಲಿ. ಸಸ್ಯಾಹಾರಿಗಳು ಮೀನಿನ ರಸದ ಬದಲು ಸೋಯಾ ಸಾಸ್ ಹಾಕಿ ನಿಶ್ಚಿಂತರಾಗುವಂತಿಲ್ಲ. ಅದರ ಒಂದು ದೊಡ್ಡ ಚಮಚದಲ್ಲೂ ಸುಮಾರು 900 ಮಿ.ಗ್ರಾಂ ಸೋಡಿಯಂ ಇರುತ್ತದೆ. ಇನ್ನು ಅಂಗಡಿಯಲ್ಲಿ ಸಿಗುವ 'ಸೋಡಿಯಂ ಕಡಿಮೆ' ಉಪ್ಪಿನಲ್ಲಿ ಸಾಮಾನ್ಯವಾಗಿ ಪೊಟ್ಯಾಸಿಯಂ ಸೇರಿರುತ್ತದೆ. ಮೂತ್ರಪಿಂಡದ ತೊಂದರೆಯಿರುವವರು, ರಕ್ತದೊತ್ತಡಕ್ಕೆ ಮಾತ್ರೆ ನುಂಗುವವರು ವೈದ್ಯರನ್ನು ಕೇಳದೆ ಅದನ್ನು ಬಳಸಬಾರದು.